ಹೆಸರು ಕೊಡುವ ಉಯ್ಯಾಲೆ

ನಮ್ಮ ಊರಿನ ಸುತ್ತ ಒಂದು ಗೋಡೆ ಇದೆ. ಯಾರು ಕಟ್ಟಿದರು, ಯಾವಾಗ ಕಟ್ಟಿದರು ಎಂದು ನಮಗೆ ಗೊತ್ತಿಲ್ಲ. ಅದಕ್ಕೆ ಏಣಿ ಹಾಕಬಾರದು, ಅದರಲ್ಲಿ ಕಿಂಡಿ ಕೊರೆಯಬಾರದು. ಆಚೆ ಏನಿದೆ ಎಂದು ನೋಡಲು ನಮಗಿರುವ ದಾರಿ ಒಂದೇ. ಗೋಡೆಯ ಹತ್ತಿರ ಒಂದು ಹಳೆಯ ಗೋಣಿ ಮರವಿದೆ. ವಸಂತ ಬಂದು ಆ ಮರ ಹೊಸ ಎಲೆ ಬಿಟ್ಟಾಗ ಅದರ ಕೊಂಬೆಗೆ ಉಯ್ಯಾಲೆ ಕಟ್ಟುತ್ತೇವೆ. ಕಟ್ಟಲು ಮರ ಹತ್ತಿದವರು ಗೋಡೆಗೆ ಬೆನ್ನು ಹಾಕಿರಬೇಕು. ಒಂಬತ್ತು ದಿನ ಇರುತ್ತದೆ, ಆಮೇಲೆ ಬಿಚ್ಚುತ್ತೇವೆ.

ಆ ಉಯ್ಯಾಲೆಯಲ್ಲಿ ಕೂರುವುದು ಏಳು ತುಂಬಿದ ಮಕ್ಕಳು, ಅದೂ ಜೀವಮಾನದಲ್ಲಿ ಒಂದೇ ಸಲ. ತೂಗುವವನು ಮೊದಲು ಮೆಲ್ಲಗೆ ತೂಗುತ್ತಾನೆ, ಆಮೇಲೆ ಜೋರಾಗಿ, ಆಮೇಲೆ ಇನ್ನೂ ಜೋರಾಗಿ. ಕೊನೆಯ ಜೀಕಿನಲ್ಲಿ ಮಗುವಿನ ಕಣ್ಣು ಮಾತ್ರ ಗೋಡೆಯ ನೆತ್ತಿಯನ್ನು ದಾಟುತ್ತದೆ. ರೆಪ್ಪೆ ಬಡಿಯುವಷ್ಟು ಹೊತ್ತು, ಅಷ್ಟೇ. ಮಗು ಇಳಿದ ಮೇಲೆ ಕಲ್ಲು ಕೆತ್ತುವ ಅಜ್ಜ ಕೇಳುತ್ತಾನೆ, "ಏನು ಕಂಡೆ?" ಮಗು ಹೇಳುತ್ತದೆ. ಅದು ಏನು ಹೇಳಿತೋ ಅದೇ ಅದರ ಹೆಸರು. ಅಜ್ಜ ಆ ಹೆಸರನ್ನು ಮರದ ಬುಡದ ಬಂಡೆಯ ಮೇಲೆ ಕೆತ್ತುತ್ತಾನೆ. ಮುಂದಿನ ವಸಂತದೊಳಗೆ ಊರಿನವರೆಲ್ಲ ಸೇರಿ ಮಗು ಕಂಡದ್ದನ್ನು ಮಾಡಿಕೊಡುತ್ತೇವೆ.

ನಮ್ಮ ಊರು ಊರಾದದ್ದು ಹೀಗೆ. ಒಬ್ಬಳು ಕೊಳ ಕಂಡಳು, ನಾವು ಕೊಳ ತೋಡಿದೆವು. ಒಬ್ಬ ಗೋಪುರ ಕಂಡ, ಹನ್ನೊಂದು ತಿಂಗಳು ಕಲ್ಲು ಹೊತ್ತು ಗೋಪುರ ಎತ್ತಿದೆವು. ಗೋಡೆಗಿಂತ ಎತ್ತರವಾಗಬಾರದು ಎಂದು ಗೋಡೆಯ ಕುತ್ತಿಗೆಯ ಮಟ್ಟಕ್ಕೆ ನಿಲ್ಲಿಸಿದ್ದೇವೆ, ಆದರೂ ಗೋಪುರ ಗೋಪುರವೇ. ಒಬ್ಬ ಆನೆ ಕಂಡ. ಆನೆಯನ್ನು ಎಲ್ಲಿಂದ ತರೋಣ? ಮಣ್ಣಿನಲ್ಲಿ ಮಾಡಿದೆವು. ಪ್ರತಿ ಮಳೆಗಾಲ ಅದು ಕರಗಿ ಹೋಗುತ್ತದೆ, ಪ್ರತಿ ಚಳಿಗಾಲ ಮತ್ತೆ ಮೆತ್ತುತ್ತೇವೆ. ಆನೆ ಎಂಬ ಆ ಮಹಾಶಯ ಪಕ್ಕದಲ್ಲಿ ಕೈಕಟ್ಟಿ ನಿಂತು ಸೊಂಡಿಲು ಸರಿಯಾಗಲಿಲ್ಲ ಅನ್ನುತ್ತಾನೆ. ಇನ್ನೊಬ್ಬ ಗಾಬರಿಯಲ್ಲಿ "ಏನೋ ಕೆಂಪು" ಅಂದುಬಿಟ್ಟ. ಅವನ ಹೆಸರು ಇವತ್ತಿಗೂ ಏನೋಕೆಂಪು. ಏನು ಮಾಡಿಕೊಡಬೇಕೆಂದು ತಿಳಿಯದೆ ಅವನ ಮನೆಯ ಗೋಡೆಗೆಲ್ಲ ಕೆಮ್ಮಣ್ಣು ಬಳಿದು ಕೈತೊಳೆದುಕೊಂಡೆವು.

ನಮ್ಮಲ್ಲಿ ಇಲ್ಲದ್ದೆಲ್ಲ ಆಚೆ ಇದೆ. ಮಕ್ಕಳು ಅದನ್ನು ಕಂಡು ತರುತ್ತಾರೆ, ದೊಡ್ಡವರು ಮಾಡುತ್ತಾರೆ. ಇಂಥ ಊರು ಇನ್ನೊಂದಿಲ್ಲ ಎಂದು ನಾವು ಎದೆ ತಟ್ಟಿಕೊಂಡು ಹೇಳುತ್ತಿದ್ದೆವು.

ಏನನ್ನೂ ಕಾಣದೆ ಇಳಿದವನೂ ಒಬ್ಬನಿದ್ದಾನೆ. ಹೆದರಿಕೆಗೆ ಕಣ್ಣು ಮುಚ್ಚಿಕೊಂಡುಬಿಟ್ಟಿದ್ದನಂತೆ. ಅವನಿಗೀಗ ಅರವತ್ತು ದಾಟಿದೆ. ಅವನನ್ನು ಕರೆಯಬೇಕಾದರೆ "ಏಯ್" ಅನ್ನುತ್ತೇವೆ. ಹೆಸರಿಲ್ಲದವರು ಕಸುಬು ಹಿಡಿಯುವಂತಿಲ್ಲ, ಮದುವೆಯಾಗುವಂತಿಲ್ಲ, ಪಂಕ್ತಿಯಲ್ಲಿ ಎಲೆ ಹಾಕಿಕೊಂಡು ಕೂರುವಂತಿಲ್ಲ. ಅವನು ಮರದ ಕೆಳಗೆ ಎಲೆ ಗುಡಿಸಿಕೊಂಡು ಇದ್ದಾನೆ.

ನಾನು ಹಗ್ಗ ಹೊಸೆಯುವವಳು. ಉಯ್ಯಾಲೆಯ ಹಗ್ಗ ನನ್ನದೇ, ನನಗಿಂತ ಮೊದಲು ನಮ್ಮವ್ವನದು, ಅವಳಿಗಿಂತ ಮೊದಲು ಅವಳ ಅವ್ವನದು. ಇದುವರೆಗೆ ಒಂದು ಎಳೆ ಹರಿದಿಲ್ಲ, ಒಂದು ಮಗು ಬಿದ್ದಿಲ್ಲ. ಜಂಬ ಅನ್ನಿ ಬೇಕಾದರೆ. ನನ್ನ ಹೆಸರು ದೋಣಿ. ಕೊಳದಲ್ಲಿ ಒಬ್ಬರೇ ಕೂರುವಂಥ ದೋಣಿ ತೇಲುತ್ತಿದೆಯಲ್ಲ, ಅದು ನನ್ನ ಏಳನೆಯ ವಸಂತದ್ದು. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಇರುವುದು ನಾನು ಮತ್ತು ನನ್ನ ಮಗಳು. ಏಳು ತುಂಬುವ ತನಕ ನಮ್ಮಲ್ಲಿ ಎಲ್ಲ ಮಕ್ಕಳೂ ಬರೀ ಕೂಸುಗಳೇ. ಸಂಜೆ ಬಾಗಿಲಲ್ಲಿ ನಿಂತು "ಕೂಸೇ" ಎಂದು ಕೂಗಿದರೆ ಬೀದಿಯಲ್ಲಿರುವ ಅಷ್ಟೂ ಮಕ್ಕಳು ತಿರುಗಿ ನೋಡುತ್ತವೆ. ನನ್ನ ಕೂಸಿಗೆ ಈ ವಸಂತದಲ್ಲಿ ಏಳು ತುಂಬಿತು.

ವಸಂತವೆಂದರೆ ನಮ್ಮಲ್ಲಿ ಮಕ್ಕಳ ರಾಜ್ಯ. ಒಂಬತ್ತು ದಿನ ಯಾರೂ ಅವರನ್ನು ಗದರಿಸುವಂತಿಲ್ಲ. ಹೊಂಗೆ ಮರದ ಕೆಳಗೆ ಉದುರಿದ ಹೂವನ್ನು ಲಂಗದಲ್ಲಿ ತುಂಬಿ ತಂದು ರಾಶಿ ಹಾಕುತ್ತಾರೆ, ಆ ರಾಶಿಯ ಮೇಲೆ ಕಟ್ಟೆಯಿಂದ ಧುಮುಕುತ್ತಾರೆ. ಮುತ್ತುಗದ ಹೂವನ್ನು ನೀರಲ್ಲಿ ಹಿಂಡಿ ಒಬ್ಬರ ಮೇಲೊಬ್ಬರು ಎರಚಿಕೊಂಡು ಬೀದಿಯನ್ನೆಲ್ಲ ಕೇಸರಿ ಮಾಡುತ್ತಾರೆ. ತೆಂಗಿನ ಗರಿ ಸುತ್ತಿ ಪೀಪಿ ಮಾಡಿ ಊದುತ್ತಾರೆ. ಮರಕೋತಿ ಆಡುತ್ತಾರೆ, ಕುಂಟೆಬಿಲ್ಲೆ ಆಡುತ್ತಾರೆ, ಉಪ್ಪು ಖಾರ ಕದ್ದುಕೊಂಡು ಹೋಗಿ ಮಾವಿನ ಮಿಡಿ ಜಜ್ಜಿ ತಿನ್ನುತ್ತಾರೆ. ಹುಳಿಗೆ ಹಲ್ಲು ಜುಮ್ಮೆಂದರೂ ಬಿಡುವುದಿಲ್ಲ. ಇದೆಲ್ಲ ಆಡಿ ದಣಿದ ಮೇಲೆ ದಿನಕ್ಕೊಂದು ಮಗು ಉಯ್ಯಾಲೆ ಏರುತ್ತದೆ. ಉಳಿದವು ಸುತ್ತ ನಿಂತು ಪೀಪಿ ಊದುತ್ತವೆ.

ಐದನೆಯ ದಿನ ನನ್ನ ಕೂಸಿನ ಸರದಿ. ಎಣ್ಣೆ ಹಾಕಿ ತಲೆ ಬಾಚಿ ಎರಡು ಜಡೆ ಹೆಣೆದೆ. ಹಲಗೆಯ ಮೇಲೆ ಕೂತು ಹಗ್ಗ ಹಿಡಿದುಕೊಂಡಳು, ನನ್ನ ಕೈಯಲ್ಲಿ ಹುಟ್ಟಿದ ಹಗ್ಗವನ್ನು. ತೂಗುವವನು ತೂಗಿದ. ಮೆಲ್ಲಗೆ, ಜೋರಾಗಿ, ಇನ್ನೂ ಜೋರಾಗಿ. ಕೊನೆಯ ಜೀಕಿನಲ್ಲಿ ಅವಳ ಹಣೆ ಗೋಡೆಯ ಮೇಲೆ ಒಂದು ಗಳಿಗೆ ನಿಂತು ಕೆಳಗೆ ಬಂತು. ಇಳಿದಳು. ಮುಖ ಅರಳಿತ್ತು.

ಅಜ್ಜ ಉಳಿ ಎತ್ತಿಕೊಂಡ. "ಏನು ಕಂಡೆ?"

"ಒಬ್ಳು ಹುಡುಗೀನ ಅಜ್ಜ. ಉಯ್ಯಾಲೆ ಮೇಲಿದ್ಲು. ನನ್ನ ಹಾಗೇನೇ."

ಅಜ್ಜನ ಉಳಿ ಕೆಳಗಿಳಿಯಿತು. "ನಿನ್ನ ಹಾಗೆ?"

"ಹೂಂ. ಎರಡು ಕಣ್ಣು, ಎರಡು ಜಡೆ. ಅವಳೂ ನನ್ನ ನೋಡಿದ್ಲು."

ಜನ ನಕ್ಕರು. ಅಜ್ಜ ನಗಲಿಲ್ಲ. ಅವನು ಕೆಟ್ಟವನಲ್ಲ, ತಿಳಿದವನು. ತಿಳಿದವರ ಹಾಗೆ ನಿಧಾನವಾಗಿ ಹೇಳಿದ. "ಕೂಸೇ, ಉಯ್ಯಾಲೆ ನಮ್ಮಲ್ಲಿದೆ. ಹುಡುಗೀರು ನಮ್ಮಲ್ಲಿದ್ದಾರೆ. ನಮ್ಮಲ್ಲಿ ಇರೋದು ಆಚೆ ಯಾಕಿರುತ್ತೆ? ನೀನು ಹೆದರಿ ಕಣ್ಣು ಮುಚ್ಚಿಕೊಂಡಿದ್ದೀಯ. ನಿನ್ನನ್ನೇ ನೀನು ಕಂಡಿದ್ದೀಯ."

"ಇಲ್ಲ ಅಜ್ಜ. ಕಣ್ಣು ಬಿಟ್ಟಿದ್ದೆ."

ಅಜ್ಜ ಎರಡನೆಯ ಸಲ ಕೇಳಿದ, ಏನು ಕಂಡೆ. ಅವಳು ಅದನ್ನೇ ಹೇಳಿದಳು. ಮೂರನೆಯ ಸಲ ಕೇಳಿದ. ಅವಳು ಅದನ್ನೇ ಹೇಳಿದಳು. ಮೂರು ಸಲಕ್ಕಿಂತ ಹೆಚ್ಚು ಕೇಳುವ ಪದ್ಧತಿ ಇಲ್ಲ.

"ಉಯ್ಯಾಲೆ ಬಿಚ್ಚೋಕೆ ಇನ್ನೂ ನಾಲ್ಕು ದಿನ ಇದೆ," ಅಂದ ಅಜ್ಜ. "ನೆನಪು ಮಾಡಿಕೊಂಡು ಬಂದು ಬೇರೆ ಏನಾದರೂ ಹೇಳು. ಇಲ್ಲದಿದ್ದರೆ ಬಂಡೆ ಮೇಲೆ ನಿನಗೆ ಜಾಗ ಇಲ್ಲ ಕಂದ."

ಮರದ ಕೆಳಗೆ ಎಲೆ ಗುಡಿಸುತ್ತಿದ್ದವನು ತಲೆ ಎತ್ತಿ ನನ್ನ ಮಗಳನ್ನು ನೋಡಿದ. ನಾನು ಅವಳ ಕೈ ಹಿಡಿದು ಎಳೆದುಕೊಂಡು ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ನಾವಿಬ್ಬರೂ ಹಗ್ಗದ ಸಾಲಿನಲ್ಲಿದ್ದೆವು, ಹಗ್ಗ ಹೊಸೆಯಲೆಂದೇ ಇರುವ ಉದ್ದನೆಯ ಓಣಿ ಅದು. ಹಗ್ಗ ಹೊಸೆಯುವವರು ಹಿಂದಕ್ಕೆ ನಡೆಯುತ್ತಾರೆ. ಒಂದು ತುದಿಯಲ್ಲಿ ಮಗಳು ರಾಟೆ ತಿರುಗಿಸಬೇಕು, ಸೊಂಟಕ್ಕೆ ಕತ್ತಾಳೆ ನಾರು ಕಟ್ಟಿಕೊಂಡ ನಾನು ಎಳೆ ಬಿಡುತ್ತ ಬಿಡುತ್ತ ಹಿಂದೆ ಹೋಗಬೇಕು. ಅವಳು ರಾಟೆ ತಿರುಗಿಸುತ್ತಿದ್ದಳು. ನಾನು ಹಿಂದಕ್ಕೆ ನಡೆಯುತ್ತ ಅವಳಿಗೆ ಸುಳ್ಳು ಹೇಳಿಕೊಡುತ್ತಿದ್ದೆ.

"ನವಿಲು ಅನ್ನು ಮಗಳೇ. ನಮ್ಮೂರಲ್ಲಿ ನವಿಲಿಲ್ಲ. ಎಷ್ಟು ಚೆಂದದ ಹೆಸರು! ಬೀದಿಯಲ್ಲಿ ನವಿಲೇ ನವಿಲೇ ಅಂತ ಕರೀತಾರೆ. ಬಣ್ಣಬಣ್ಣದ ನವಿಲು ಮಾಡಿಕೊಡ್ತಾರೆ."

ರಾಟೆ ಗಿರ್ರ್ ಅನ್ನುತ್ತಿತ್ತು.

"ನವಿಲು ಬೇಡವಾದರೆ ಜಿಂಕೆ ಅನ್ನು. ಜಲಪಾತ ಅನ್ನು. ಒಂದು ಮಾತು, ಅಷ್ಟೇ. ಆಮೇಲೆ ನಿನ್ನ ಪಾಡಿಗೆ ನೀನು ಏನು ಬೇಕಾದರೂ ನೆನಪಿಟ್ಟುಕೋ, ಯಾರು ಬೇಡ ಅಂತಾರೆ?"

"ಅವ್ವಾ," ಅಂದಳು. "ಅವಳನ್ನೂ ಈಗ ಕೇಳ್ತಿರ್ತಾರೆ ಅಲ್ವಾ?"

"ಯಾರನ್ನ?"

"ಆ ಹುಡುಗೀನ. ಏನು ಕಂಡೆ ಅಂತ. ಅವಳು ನನ್ನ ಕಂಡೆ ಅಂತಿರ್ತಾಳೆ. ಅವರೂ ನಗ್ತಿರ್ತಾರೆ. ನಾನಿಲ್ಲಿ ನವಿಲು ಅಂದುಬಿಟ್ರೆ, ಅವಳು ಕಂಡಿದ್ದು ಸುಳ್ಳಾಗುತ್ತಲ್ಲ?"

ನನ್ನ ಕೈಯಲ್ಲಿ ಎಳೆ ನಿಂತಿತು. ನನ್ನ ಮಗಳಿಗೆ ತನ್ನ ಹೆಸರಿನ ಚಿಂತೆ ಇರಲಿಲ್ಲ. ಗೋಡೆಯಾಚೆ ನಿಂತು ಒಬ್ಬಳೇ ಜವಾಬು ಹೇಳುತ್ತಿರುವ ಇನ್ಯಾರದೋ ಮಗಳ ಚಿಂತೆ ಇತ್ತು. ಮೊದಲು ನನಗೆ ನಾಚಿಕೆಯಾಯಿತು, ನೆಲ ಬಾಯಿ ಬಿಡಬಾರದೇ ಅನ್ನಿಸುವಷ್ಟು. ಆಮೇಲೆ ಎದೆ ಉಬ್ಬಿತು. ಇಷ್ಟು ವರ್ಷ ಹಗ್ಗದ ಬಗ್ಗೆ ಜಂಬ ಪಟ್ಟಿದ್ದೇನೆ. ನಾನು ಹೆತ್ತದ್ದರಲ್ಲಿ ಗಟ್ಟಿಯಾದದ್ದು ಹಗ್ಗವಲ್ಲ ಎಂದು ಅವತ್ತು ಗೊತ್ತಾಯಿತು.

"ನವಿಲು ಅನ್ನಬೇಡ," ಅಂದೆ. "ತಿರುಗಿಸು ರಾಟೇನ."

ಆ ಮಧ್ಯಾಹ್ನ ಕುಂಬಾರನ ಮಗನ ಸರದಿ, ಈ ವಸಂತದ ಕೊನೆಯದು. ಕುಂಬಾರ ಮಗನಿಗೆ ತಿಂಗಳಿಂದ ಕುದುರೆ ಕುದುರೆ ಎಂದು ಕಲಿಸಿಟ್ಟಿದ್ದ. ಅಪ್ಪಂದಿರು ಹೀಗೆ ಕಲಿಸುವುದು ಊರಿಗೆಲ್ಲ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಕುಂಬಾರ ಮಣ್ಣನ್ನೂ ಕಲಸಿಟ್ಟಾಗಿತ್ತು. ಹುಡುಗ ಏರಿದ, ಜೀಕಿದ, ಇಳಿದ. ಇಳಿದವನ ಮುಖ ಬಾಡಿತ್ತು.

"ಏನು ಕಂಡೆ?"

"ಖಾಲಿ ಉಯ್ಯಾಲೆ," ಅಂದ ಹುಡುಗ.

"ಲೋ, ಕುದುರೆ ಅನ್ನೋ!" ಎಂದು ಕುಂಬಾರ ಹಿಂದಿನಿಂದ ಕೂಗಿದ.

"ಕುದುರೆ ಇರಲಿಲ್ಲಪ್ಪ. ಆಚೆ ಒಂದು ಮರ ಇತ್ತು, ಎರಡು ಹಗ್ಗ, ಒಂದು ಹಲಗೆ. ಹಲಗೆ ಮೇಲೆ ಯಾರೂ ಇರಲಿಲ್ಲ." ಅಷ್ಟು ಹೇಳಿ ಅಳತೊಡಗಿದ. ತನಗೂ ಹೆಸರು ಹೋಯಿತು ಎಂದು ಅವನಿಗೆ ಗೊತ್ತಾಗಿತ್ತು.

ಈ ಸಲ ಯಾರೂ ನಗಲಿಲ್ಲ. ಪೀಪಿಗಳು ನಿಂತುಹೋದವು. ಎಲ್ಲರಿಗಿಂತ ಮೊದಲು ಬಾಯಿ ಬಿಟ್ಟವನು ಏನೋಕೆಂಪು. ಐವತ್ತರ ಗಂಡಸು, ಕೆನ್ನೆ ಕೆರೆದುಕೊಳ್ಳುತ್ತ, "ನಾನು ಕಂಡಿದ್ದು ಯಾರದೋ ಲಂಗ ಇದ್ದಿರಬಹುದು ಅಂತ ಈಗ ಅನ್ನಿಸ್ತಿದೆ" ಅಂದ. ಅವನ ಹೆಂಡತಿ ಅವನನ್ನು ದುರುಗುಟ್ಟಿ ನೋಡಿದಳು. ಇಷ್ಟು ವರ್ಷ ಆ ಕೆಮ್ಮಣ್ಣಿನ ಮನೆಯನ್ನು ಗುಡಿಸಿ ಸಾರಿಸಿದವಳು ಅವಳು.

ನನ್ನ ಮಗಳು ಗುಂಪು ಸರಿಸಿಕೊಂಡು ಅಜ್ಜನ ಮುಂದೆ ಹೋಗಿ ನಿಂತಳು.

"ಅಜ್ಜ, ಅವಳನ್ನ ಅವರು ನಂಬಲಿಲ್ಲ. ಅದಕ್ಕೇ ಉಯ್ಯಾಲೆ ಆಡೋದನ್ನೇ ನಿಲ್ಲಿಸಿಬಿಟ್ಟಿದ್ದಾರೆ. ನನ್ನ ಇನ್ನೊಂದು ಸಲ ಕೂರಿಸು."

"ಎರಡನೇ ಸಲ ನೋಡುವಂತಿಲ್ಲ ಕೂಸೇ. ಯಾರೂ ನೋಡಿಲ್ಲ."

"ನೋಡೋಕಲ್ಲ ಅಜ್ಜ. ಕಾಣಿಸ್ಕೊಳ್ಳೋಕೆ."

ನೋಡುವುದಕ್ಕೆ ನಮ್ಮಲ್ಲಿ ನೂರು ಕಟ್ಟಳೆ ಇವೆ. ಕಾಣಿಸಿಕೊಳ್ಳುವುದಕ್ಕೆ ಒಂದೂ ಇಲ್ಲ. ನಮ್ಮನ್ನು ಯಾರಾದರೂ ನೋಡಬಹುದು ಎಂದು ನಮಗೆ ಹೊಳೆದೇ ಇರಲಿಲ್ಲ. ಆಗ ನಾನು ಮುಂದೆ ಬಂದೆ. ನಾನು ಸಭೆಯಲ್ಲಿ ಮಾತಾಡುವವಳಲ್ಲ, ಆದರೆ ಅವತ್ತು ನನ್ನ ಗಂಟಲು ನನ್ನ ಮಾತು ಕೇಳಲಿಲ್ಲ.

"ಅಜ್ಜ, ಮಗು ಕಂಡದ್ದನ್ನ ಮಾಡಿಕೊಡೋದು ಊರಿನ ಕೆಲಸ. ಕೊಳ ಅಂದಾಗ ಕೊಳ ತೋಡಿದಿರಿ, ಆನೆ ಅಂದಾಗ ಆನೆ ಮೆತ್ತಿದಿರಿ. ನನ್ನ ಮಗಳು ಕಂಡಿದ್ದು ಗೋಡೆ ಮೇಲೆ ಏಳೋ ಹುಡುಗೀನ. ಅದನ್ನ ಮಾಡಿಕೊಡಿ. ಆಚೆಯೋರು ನೆಲದ ಮೇಲೆ ನಿಂತು ತಲೆ ಎತ್ತಿದರೂ ಕಾಣೋ ಹಾಗೆ ಮಾಡಿಕೊಡಿ."

ಅಜ್ಜ ಬಂಡೆಯ ಮೇಲೆ ಕೈಯಾಡಿಸಿದ. ಅಷ್ಟೂ ಹೆಸರು ಅವನ ಕೈಯಲ್ಲಿ, ಅವನ ಅಪ್ಪನ ಕೈಯಲ್ಲಿ ಮೂಡಿದವು. ಕೊನೆಗೆ ನನ್ನ ಕಡೆ ತಿರುಗಿ ಒಂದೇ ಮಾತು ಕೇಳಿದ. "ಹಗ್ಗ ಎಷ್ಟು ಬೇಕು?"

"ಈಗಿರೋದರ ಎರಡರಷ್ಟು. ತುದಿಯ ಕೊಂಬೆಗೆ ಕಟ್ಟಬೇಕು."

ಮೂರು ದಿನ ಉಳಿದಿತ್ತು. ನನ್ನ ಮನೆಯಲ್ಲಿ ಅಷ್ಟು ನಾರು ಇರಲಿಲ್ಲ. ಮೊದಲು ನಾನೇ ಹೋಗಿ ನನ್ನ ದೋಣಿಯನ್ನು ಕಟ್ಟಿದ್ದ ಹಗ್ಗ ಬಿಚ್ಚಿ ತಂದೆ. ಆನೆ ತನ್ನ ಮಣ್ಣಿನ ಆನೆಯ ಕಾಲಿನ ಹಗ್ಗ ತಂದ. ಗೋಪುರದವನು ಕಲ್ಲು ಎತ್ತಿದ ಹಗ್ಗ ತಂದ. ಬಾವಿಯ ಹಗ್ಗ ಬಂತು, ತೊಟ್ಟಿಲಿನ ಹಗ್ಗ ಬಂತು, ಹಸುವಿನ ಕಣ್ಣಿ ಬಂತು. ಎಲ್ಲವನ್ನೂ ಬಿಚ್ಚಿ, ಹಿಂಜಿ, ನೆನೆಸಿ, ಮತ್ತೆ ನಾರು ಮಾಡಿದೆವು. ನನ್ನ ಹಗ್ಗದ ಸಾಲು ಸಾಲದೆ ಬೀದಿಗೆ ಬಂದೆವು. ಇಡೀ ಊರು ಸೊಂಟಕ್ಕೆ ನಾರು ಕಟ್ಟಿಕೊಂಡು ಬೀದಿಯುದ್ದ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಿತ್ತು. ನಾನು ಎಲ್ಲರನ್ನೂ ಬೈಯುತ್ತಿದ್ದೆ. ಎಳೆ ಸಡಿಲ ಬಿಡಬೇಡಿ, ನನ್ನ ಮಗಳು ಕೂರೋದು ಇದರ ಮೇಲೆ, ಗೊತ್ತಾಯ್ತಾ? ಯಾರ ಮಾತಿಗೂ ಬಗ್ಗದ ಗೋಪುರದವನೂ ಬಾಯಿ ಮುಚ್ಚಿಕೊಂಡು ಬೈಸಿಕೊಂಡ.

ಒಂಬತ್ತನೆಯ ದಿನ ಹಗ್ಗ ತುದಿಯ ಕೊಂಬೆಗೆ ಏರಿತು. ಮಕ್ಕಳೆಲ್ಲ ಸೇರಿ ನನ್ನ ಮಗಳನ್ನು ಸಿಂಗರಿಸಿದರು. ದೂರಕ್ಕೆ ಕಾಣಲಿ ಎಂದು ತಲೆಯಿಂದ ಕಾಲಿನವರೆಗೆ ಮುತ್ತುಗದ ಹೂವಿನ ಮಾಲೆ ಹಾಕಿದರು. ಅವಳು ಹಲಗೆಯ ಮೇಲೆ ಕೂರಲಿಲ್ಲ, ನಿಂತಳು. ಕೂರು ಅನ್ನಲು ಬಾಯಿ ತೆರೆದವಳು ಮುಚ್ಚಿಕೊಂಡೆ.

ತೂಗುವವನು ತೂಗಿದ. ಮೆಲ್ಲಗೆ, ಜೋರಾಗಿ, ಇನ್ನೂ ಜೋರಾಗಿ. ಗೋಡೆಯ ಮೇಲೆ ಅವಳ ಹಣೆ ಬಂತು. ಕುತ್ತಿಗೆ ಬಂತು. ಸೊಂಟ ಬಂತು. ಕೊನೆಗೆ ಪಾದ ಕೂಡ ಗೋಡೆಯ ನೆತ್ತಿ ದಾಟಿತು, ನಮ್ಮೂರಿನಲ್ಲಿ ಯಾವ ಪಾದವೂ ಮುಟ್ಟದ ಎತ್ತರ ಅದು. ಅಲ್ಲಿ ಒಂದು ಕೈ ಬಿಟ್ಟು ಬೀಸಿದಳು. ಕೆಳಗೆ ಬಂದಳು, ಮತ್ತೆ ಹೋದಳು, ಮತ್ತೆ ಬೀಸಿದಳು. ಪೀಪಿಗಳು ಊದುತ್ತಲೇ ಇದ್ದವು. ಹತ್ತು ಸಲ, ಇಪ್ಪತ್ತು ಸಲ. ಆಚೆಯಿಂದ ಏನೂ ಇಲ್ಲ. ತೂಗುವವನ ತೋಳು ಸೋತಿತು, ಕುಂಬಾರ ಹಿಡಿದುಕೊಂಡ. ಕುಂಬಾರ ಸೋತ, ನಾನು ಹಿಡಿದುಕೊಂಡೆ. ಮಗಳು ನನ್ನ ಕೈಗೆ ಬಂದು ತಾಗುತ್ತಿದ್ದಳು, ನಾನು ಅವಳನ್ನು ಗೋಡೆಯ ಮೇಲಕ್ಕೆ ಕಳಿಸುತ್ತಿದ್ದೆ. ಮಕ್ಕಳನ್ನು ಹೀಗೆ ಕೈಯಾರೆ ದೂರ ಕಳಿಸುವುದಿದೆಯಲ್ಲ, ಅದು ಸುಲಭವಲ್ಲ. ಆದರೂ ಕಳಿಸಿದೆ.

ಎಷ್ಟನೆಯ ಸಲವೋ, ಮೇಲೆ ಹೋದವಳು ನಕ್ಕಳು. ಗೆಳತಿಯನ್ನು ಕಂಡಾಗ ಮಕ್ಕಳು ನಗುವ ನಗು. ಅದರ ಹಿಂದೆಯೇ ಗೋಡೆಯಾಚೆಯಿಂದ ಒಂದು ದೊಡ್ಡ ಕೂಗು ಎದ್ದಿತು, ನೂರಾರು ಜನ ಒಟ್ಟಿಗೆ ತಲೆ ಎತ್ತಿ ನೋಡಿ ಹಾಕುವಂಥ ಕೂಗು.

ಉಯ್ಯಾಲೆ ನಿಂತಿತು. ಮಗಳು ಇಳಿದು ಅಜ್ಜನ ಮುಂದೆ ನಿಂತು, ಅವನು ಕೇಳಲಿ ಎಂದು ಕಾದಳು. ಅಜ್ಜ ಕೇಳಲಿಲ್ಲ. ಇಷ್ಟು ವರ್ಷದಲ್ಲಿ ಅವನು ಕೇಳದೆ ಕೆತ್ತಿದ್ದು ಅದೊಂದೇ ಹೆಸರು. ಮೊಣಕಾಲೂರಿ ಕೂತು, ಕಣ್ಣೊರೆಸಿಕೊಂಡು, ಬಂಡೆಯ ಮೇಲೆ ಒಂದೊಂದೇ ಅಕ್ಷರ ಬಿಡಿಸಿದ. "ಇನ್ನೊಬ್ಬಳು." ಅದರ ಕೆಳಗೆ ಕುಂಬಾರನ ಮಗನದು. "ಖಾಲಿ ಉಯ್ಯಾಲೆ." ಆ ಹುಡುಗ ಇನ್ನು ಸಾಯುವ ತನಕ ಈ ಹೆಸರು ಹೊತ್ತು ತಿರುಗಬೇಕು, ಪಾಪ. ಆದರೆ ಅವನ ಅಪ್ಪ ಈಗ ಮೀಸೆ ತಿರುವುತ್ತ, ನನ್ನ ಮಗ ಕಂಡದ್ದನ್ನೇ ಹೇಳಿದವನು ಅನ್ನುತ್ತಾನೆ.

ಅಜ್ಜ ಉಳಿ ಕೆಳಗಿಟ್ಟ. ಆದರೂ ಟಕ್ ಟಕ್ ಎಂಬ ಸದ್ದು ನಿಲ್ಲಲಿಲ್ಲ.

"ನಮ್ಮದೇ ಮಾರ್ದನಿ," ಅಂದ ಯಾರೋ, ಅಭ್ಯಾಸಬಲದಿಂದ. ಆಚೆಯಿಂದ ಏನು ಕೇಳಿಸಿದರೂ ನಾವು ಹಾಗೆಯೇ ಅನ್ನುತ್ತಿದ್ದೆವು. ಅಜ್ಜ ಕೈ ಎತ್ತಿ ಅವನನ್ನು ಸುಮ್ಮನಾಗಿಸಿದ. ಅವನು ಎಪ್ಪತ್ತು ವರ್ಷ ಕಲ್ಲು ಕೆತ್ತಿದವನು, ಉಳಿಯ ಸದ್ದು ಅವನಿಗೆ ಗೊತ್ತು. ಗೋಡೆಗೆ ಕಿವಿ ಕೊಟ್ಟು ಕೇಳಿದ. ಗೋಡೆಯಾಚೆ ಯಾರೋ ಒಬ್ಬರು, ಅವನಷ್ಟೇ ನಿಧಾನವಾಗಿ, ಬಂಡೆಯ ಮೇಲೆ ಒಂದು ಹೆಸರು ಕೆತ್ತುತ್ತಿದ್ದರು.

ಅಲ್ಲಿಯೂ ಕಂಡದ್ದೇ ಹೆಸರಾದರೆ, ಆ ಕೂಸು ಕಂಡದ್ದು ನನ್ನ ಮಗಳನ್ನು.

"ಅವ್ವಾ, ಅವಳಿಗೂ ಹೆಸರಾಯ್ತು," ಅಂದಳು ಇನ್ನೊಬ್ಬಳು, ನನ್ನ ಸೆರಗು ಹಿಡಿದು. ನಾನು ಹೂಂ ಅಂದೆ. ಅವಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು, ಊರಿನ ಎಲ್ಲ ಬೀದಿಗಳನ್ನೂ ಸುತ್ತಿ, ಬೇಕೆಂದೇ ದೂರದ ದಾರಿ ಹಿಡಿದು ಮನೆಗೆ ಹೋದೆ.